ಮರಗೆಲಸದ ಸಾಮಾನಿಗೆ ಹಳೆಯ ವ್ಯಾನ್: ಓಮ್ನಿ, ಈಕೋ ಕಾರ್ಗೋ ಅಥವಾ ಟಾಟಾ ಏಸ್?

ಪ್ರಶ್ನೆ (ಶಿರಸಿಯಿಂದ)

ಶಿರಸಿಯಲ್ಲಿ ನನ್ನದೊಂದು ಚಿಕ್ಕ ಮರಗೆಲಸದ ಶೆಡ್ ಇದೆ. ತಿಂಗಳಿಗೆ ಎರಡು ಮೂರು ಬಾರಿ ಹುಬ್ಬಳ್ಳಿಯಿಂದ ಪ್ಲೈವುಡ್, ಲ್ಯಾಮಿನೇಟ್, ಬಿಜಾಗರಿ ಮುಂತಾದವನ್ನು ತರಬೇಕಾಗುತ್ತದೆ. ಸಿದ್ಧವಾದ ಮೇಜು, ಸ್ಟೂಲು, ಸಣ್ಣ ಕಪಾಟುಗಳನ್ನು ಸಿದ್ದಾಪುರ, ಯಲ್ಲಾಪುರದ ಕಡೆಗೂ ಆಗೊಮ್ಮೆ ಈಗೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೂ ತಲುಪಿಸುತ್ತೇನೆ. ಈವರೆಗೆ ಎಲ್ಲವೂ ಬಾಡಿಗೆ ಗಾಡಿಯಲ್ಲೇ ನಡೆದಿದೆ. ಆದರೆ ಮಳೆಗಾಲದಲ್ಲಿ ಪಾಲಿಶ್ ಮುಗಿಸಿದ ಸಾಮಾನನ್ನು ತಾಡಪತ್ರಿ ಹೊದಿಸಿದ ತೆರೆದ ಗಾಡಿಯಲ್ಲಿ ಕಳಿಸುವುದು ಮನಸ್ಸಿಗೆ ಒಗ್ಗುತ್ತಿಲ್ಲ. ಮೂರು ಲಕ್ಷದೊಳಗೆ ಮೂರು ಗಾಡಿಗಳು ನೋಡಲು ಸಿಕ್ಕಿವೆ: ಬಿಳಿ ಬೋರ್ಡಿನ ಮಾರುತಿ ಓಮ್ನಿ, ಕುಮಟಾದಲ್ಲಿರುವ ಹಳದಿ ಬೋರ್ಡಿನ ಈಕೋ ಕಾರ್ಗೋ, ಡೀಸೆಲ್ ಟಾಟಾ ಏಸ್. ಅಪರೂಪದ ಬಳಕೆಗೆ ಇವುಗಳಲ್ಲಿ ಯಾವುದು ಸರಿ? ಸಾಗಿಸುವ ಮಾಲು ನನ್ನದೇ ಆದ್ದರಿಂದ ಬಿಳಿ ಬೋರ್ಡ್ ಸಾಕಾಗಬಹುದೇ?

ಉತ್ತರ (ಹುಬ್ಬಳ್ಳಿಯಿಂದ)

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಾಳೆ ಎಂದರೆ 2440 ಮಿ.ಮೀ.ಗೆ 1220 ಮಿ.ಮೀ.; ಅದು ಓಮ್ನಿಯೊಳಗೂ ಈಕೋದೊಳಗೂ ಮಲಗುವುದಿಲ್ಲ. ಏಸ್‌ನ ತಟ್ಟೆ ಏಳಡಿಯ ಆಸುಪಾಸಿನದಾದ್ದರಿಂದ ಅಲ್ಲಿಯೂ ಹಿಂಬದಿಯ ಬಾಗಿಲನ್ನು ಇಳಿಸಿ ಒಂದಡಿಯಷ್ಟು ಹೊರಚಾಚಿಯೇ ಸಾಗಿಸಬೇಕು. ಇನ್ನು ತೂಕ: 18 ಮಿ.ಮೀ. ದಪ್ಪದ ಒಂದು ಹಾಳೆ ಮೂವತ್ತು ಕಿಲೋ ದಾಟುತ್ತದೆ, ಹದಿನೈದು ಹಾಳೆಗಳಿಗೆ ಅರ್ಧ ಟನ್ ಆಯಿತೆಂದೇ ಲೆಕ್ಕ. ಯಾವುದೇ ಗಾಡಿ ಎಷ್ಟು ಹೊರಬಲ್ಲದು ಎಂಬುದನ್ನು ಮಾರುವವರ ಬಾಯಿಂದ ಕೇಳುವ ಬದಲು, ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆದು, ಅದರಲ್ಲಿ ಚಾಲಕನ ಮತ್ತು ಸಹಾಯಕನ ತೂಕವನ್ನೂ ಕಳೆದು ನೋಡಿ.

ನನ್ನ ದೃಷ್ಟಿಯಲ್ಲಿ ಹಾಳೆಗೂ ಸಿದ್ಧ ಸಾಮಾನಿಗೂ ಒಂದೇ ಗಾಡಿಯನ್ನು ಹುಡುಕುತ್ತಿರುವುದರಿಂದಲೇ ನಿಮ್ಮ ಆಯ್ಕೆ ಕಗ್ಗಂಟಾಗಿದೆ. ಹಾಳೆಗಳು ಬಾಡಿಗೆಯ ಏಸ್‌ನಲ್ಲೇ ಬರಲಿ, ಅಥವಾ ಅಳತೆಯ ಪಟ್ಟಿ ಕೊಟ್ಟು ಅಂಗಡಿಯಲ್ಲೇ ಕೊಯ್ಯಿಸಿಕೊಳ್ಳಿ. ಕೊಯ್ದ ತುಂಡುಗಳು ವ್ಯಾನಿನಲ್ಲಿ ಸುಲಭವಾಗಿ ಕೂರುತ್ತವೆ. ಸ್ವಂತ ಗಾಡಿಯನ್ನು ವಿತರಣೆಗೆಂದೇ ಕೊಳ್ಳುವುದಾದರೆ ಮುಚ್ಚಿದ ಮೈಯ ಈಕೋ ಕಾರ್ಗೋ ನಿಮ್ಮ ಮಳೆಗೆ ಹೊಂದುತ್ತದೆ. 2005ರಲ್ಲಿ ಬಂದ ಏಸ್‌ನ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ 702 ಸಿಸಿಯದು. ಊರೊಳಗಿನ ಸಾಗಣೆಗೆ ಅದರಷ್ಟು ಮಿತವ್ಯಯದ ಗಾಡಿ ಕಡಿಮೆ, ಆದರೆ ತುಂಬಿದ ಹೊರೆಯೊಂದಿಗೆ ಘಟ್ಟ ಹತ್ತುವಾಗ ತಾಳ್ಮೆ ಬೇಕು. 2019ರಲ್ಲಿ ತಯಾರಿಕೆ ನಿಂತ ಓಮ್ನಿಯ 796 ಸಿಸಿ ಎಂಜಿನ್‌ಗೂ ಇದೇ ಮಾತು ಅನ್ವಯಿಸುತ್ತದೆ. ಈಕೋದ 1.2 ಲೀಟರ್ ಪೆಟ್ರೋಲ್ ಎಂಜಿನ್ ಈ ವಿಷಯದಲ್ಲಿ ಹೆಚ್ಚು ನಿರಾಳ.

ಉತ್ತರ (ದಾವಣಗೆರೆಯಿಂದ)

ಬೋರ್ಡಿನ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಬೆಲೆ ನೋಡಿ ಓಮ್ನಿಗೆ ಮನಸೋಲುವವರೇ ಹೆಚ್ಚು. ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಸರಕಿಗೆಂದು ನಿರ್ಮಿಸದ ಗಾಡಿಯೂ ಸರಕು ಹೊತ್ತಾಗ ಸರಕು ವಾಹನವೇ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಖಾಸಗಿ ಕಾರಿನ ವಿಮಾ ಪತ್ರದಲ್ಲಿ ಮಾದರಿ ವಸ್ತುಗಳು ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕಿನ ಸಾಗಣೆ ಒಳಗೊಳ್ಳುವುದಿಲ್ಲವೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಮಾಲು ನಿಮ್ಮದೇ ಆಗಿದ್ದರೂ ಅದು ವ್ಯಾಪಾರದ ಮಾಲು. ಘಟ್ಟದಲ್ಲಿ ಅಪಘಾತವಾದರೆ ಪರಿಹಾರದ ಅರ್ಜಿ ಈ ಒಂದು ಸಾಲಿಗೆ ತಗುಲಿ ನಿಲ್ಲಬಹುದು. ಹಿಂದಿನ ಸೀಟುಗಳನ್ನು ಕಳಚಿದ ಓಮ್ನಿಯನ್ನು ತೋರಿಸಿದರೆ, ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿದೆಯೇ ಎಂದು ಕೇಳಿ. ಎಲ್‌ಪಿಜಿ ಕಿಟ್‌ ಇದ್ದರೆ ಅದಕ್ಕೂ ಇದೇ ಪ್ರಶ್ನೆ.

ಹಳದಿ ಬೋರ್ಡ್ ಎಂದಾಕ್ಷಣ ಬೆಚ್ಚುವ ಅಗತ್ಯವಿಲ್ಲ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀಡಿದ ತೀರ್ಪಿನಂತೆ, ಲಘು ವಾಹನದ ಪರವಾನಗಿ ಇದ್ದವರು 7,500 ಕಿಲೋದೊಳಗಿನ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮೋದನೆ ಇಲ್ಲದೆ ಓಡಿಸಬಹುದು. ನಿಜವಾದ ಖರ್ಚಿರುವುದು ಎರಡು ಕಡೆ. ಫಿಟ್‌ನೆಸ್ ಪ್ರಮಾಣಪತ್ರವನ್ನು ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ವಿಮೆಯಲ್ಲಿ, 2022ರಲ್ಲಿ ನಿಗದಿಯಾದ ದರದಂತೆ ಈ ತೂಕದ ಸಾರ್ವಜನಿಕ ಸರಕು ವಾಹನದ ಮೂರನೆಯ ವ್ಯಕ್ತಿ ವಿಮೆಗೆ ತೆರಿಗೆ ಬಿಟ್ಟು 16,049 ರೂಪಾಯಿ, ಸ್ವಂತ ಸರಕನ್ನಷ್ಟೇ ಸಾಗಿಸುವ ಖಾಸಗಿ ಸರಕು ವಾಹನಕ್ಕೆ 8,510 ರೂಪಾಯಿ. ಏಜೆಂಟರು ಕೇಳದೆಯೇ ಮೊದಲನೆಯದನ್ನು ಬರೆದುಬಿಡುತ್ತಾರೆ. ನಿಮಗೆ ಎರಡನೆಯದು ಅನ್ವಯಿಸುತ್ತದೆಯೇ ಎಂದು ನೀವೇ ಬಾಯಿಬಿಟ್ಟು ಕೇಳಬೇಕು.

ಪ್ರಶ್ನೆ ಕೇಳಿದವರು

ಹಾಳೆಯನ್ನೂ ವಿತರಣೆಯನ್ನೂ ಬೇರ್ಪಡಿಸುವ ಸಲಹೆ ನನಗೆ ಹಿಡಿಸಿತು, ಹಾಗಾಗಿ ಓಮ್ನಿಯನ್ನೂ ಏಸನ್ನೂ ಬಿಟ್ಟಿದ್ದೇನೆ. ಈಕೋ ಕಾರ್ಗೋ ಕರಾವಳಿಯ ಗಾಡಿಯಾದ್ದರಿಂದ ನೋಡಲು ಹೋದಾಗ ಏನನ್ನು ಗಮನಿಸಬೇಕೆಂದು ಬಲ್ಲವರು ತಿಳಿಸಿ.

ಉತ್ತರ (ಕುಂದಾಪುರದಿಂದ)

ಅದು ಹಿಂದೆ ಏನನ್ನು ಸಾಗಿಸುತ್ತಿತ್ತು ಎಂಬುದನ್ನು ಮೊದಲು ಕೇಳಿ. ಬೇಕರಿ ಅಥವಾ ಔಷಧದ ಗಾಡಿಯಾದರೆ ಚಿಂತೆ ಕಡಿಮೆ. ನೀರಿನ ಕ್ಯಾನ್ ಹೊತ್ತದ್ದಾದರೆ ನೆಲದ ತಗಡು ಒಳಗಿನಿಂದಲೇ ತಿಂದುಹೋಗಿರುತ್ತದೆ, ಮೀನಿನ ಗಾಡಿಯಾದರೆ ಉಪ್ಪುನೀರು ಸಂದುಸಂದಿಗೂ ಇಳಿದಿರುತ್ತದೆ. ಹೊಸ ಬಣ್ಣ ಮತ್ತು ಹೊಸ ಮ್ಯಾಟ್ ಒಟ್ಟಿಗೆ ಕಂಡರೆ ನನಗಂತೂ ಅನುಮಾನ ಬರುತ್ತದೆ. ಮ್ಯಾಟ್ ಎತ್ತಿಸಿ ನೆಲವನ್ನು ನೋಡಿ, ಜಾರುವ ಬಾಗಿಲಿನ ಕೆಳಹಳಿಯನ್ನು, ಚಕ್ರದ ಕಮಾನುಗಳನ್ನು, ಜಾಕ್ ಕೊಡುವ ಜಾಗಗಳನ್ನು ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಟ್ಟಿ ನೋಡಿ. ತುಕ್ಕು ಹಿಡಿದ ತಗಡಿನ ಸದ್ದು ಮಂದವಾಗಿರುತ್ತದೆ.

ಖಾಲಿ ಗಾಡಿಯನ್ನು ಓಡಿಸಿ ಒಪ್ಪಿಕೊಳ್ಳಬೇಡಿ. ಆರು ಚೀಲ ಸಿಮೆಂಟ್ ಹಾಕಿಸಿದರೆ 300 ಕಿಲೋ ಆಗುತ್ತದೆ. ಅಷ್ಟು ಹೊರಿಸಿ ಏರುದಾರಿಯಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದರೆ ಕ್ಲಚ್ಚಿನ ಸ್ಥಿತಿ ತಿಳಿಯುತ್ತದೆ, ಇಳಿಜಾರಿನಲ್ಲಿ ಬ್ರೇಕಿನ ಸ್ಥಿತಿ ತಿಳಿಯುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನು, ಕೊನೆಯೆರಡು ವರ್ಷವನ್ನು ಸೂಚಿಸುತ್ತವೆ; ತಿಂಗಳಿಗೆ ನಾಲ್ಕಾರು ಬಾರಿ ಓಡುವ ಗಾಡಿಯ ಟೈರು ಸವೆಯುವ ಮೊದಲೇ ಬಿರಿಯುತ್ತದೆ. ಕೊಂಡ ಮೇಲೆ ಮಳೆಗಾಲದಲ್ಲಿ ದಿನಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಟ್ಟೆ ಕೊಡಿ, ಇಲ್ಲವಾದರೆ ಡ್ರಮ್ಮಿಗೆ ಬ್ರೇಕ್ ಕಚ್ಚಿಕೊಳ್ಳುತ್ತದೆ.

ಹಣ ಕೊಡುವ ಮೊದಲು ಫಿಟ್‌ನೆಸ್ ಎಂದಿನವರೆಗಿದೆ, ಬಾಕಿ ದಂಡಗಳಿವೆಯೇ, ಆರ್‌ಸಿಯಲ್ಲಿ ಸಾಲದ ನಮೂದು ಉಳಿದಿದೆಯೇ ಎಂದು ನೋಡಿಕೊಳ್ಳಿ. ನಮೂದು ಇದ್ದರೆ ಫಾರಂ 35ನ್ನೂ, ವರ್ಗಾವಣೆಗೆ ಫಾರಂ 29 ಮತ್ತು 30ನ್ನೂ ಸಹಿ ಮಾಡಿಸಿಕೊಂಡೇ ಉಳಿದ ಹಣವನ್ನು ಕೊಡಿ. ವಿಮೆಯನ್ನು ನಿಮ್ಮ ಹೆಸರಿಗೆ ಬದಲಿಸಲು ವರ್ಗಾವಣೆಯ ದಿನದಿಂದ 14 ದಿನಗಳೊಳಗೆ ಅರ್ಜಿ ಹಾಕಬೇಕು.