ಐಪಾಡ್ ಕ್ಲಾಸಿಕ್ ಲೋಗೋದಲ್ಲೇ ನಿಂತಿದೆ, ಒಳಗಿನ ಆಡಿಯೋ ತೆಗೆಯೋದು ಹೇಗೆ?

ಪ್ರಶ್ನೆ
ಆಪಲ್‌ನ ಹಳೇ ಮ್ಯೂಸಿಕ್ ಪ್ಲೇಯರ್ ಇದು, 2009ರ ಮಾಡೆಲ್, 160 ಜಿಬಿ. ಹಾಡಿನ ಮಧ್ಯೆ ಹ್ಯಾಂಗ್ ಆಯ್ತು, ಯಾವ ಬಟನ್ನೂ ಕೆಲಸ ಮಾಡಲಿಲ್ಲ. ಚಾರ್ಜ್ ಮುಗಿದು ಆಫ್ ಆದಮೇಲೆ ಚಾರ್ಜರ್‌ಗೆ ಹಾಕಿದರೆ ಲೋಗೋ ಬಂದು ಅಲ್ಲೇ ನಿಲ್ಲುತ್ತೆ. ಕಿವಿಗೆ ಹಿಡಿದರೆ ಟಿಕ್ ಟಿಕ್ ಸದ್ದು. ಕ್ಯಾಸೆಟ್‌ನಿಂದ ಇಳಿಸಿದ ತಾಳಮದ್ದಲೆಗಳಿವೆ, ಬೇರೆಲ್ಲೂ ಕಾಪಿ ಇಲ್ಲ. ಕಂಪ್ಯೂಟರ್‌ನಲ್ಲಿರೋ ಆಪಲ್‌ನ ಐಟ್ಯೂನ್ಸ್ ಸಾಫ್ಟ್‌ವೇರ್ ರೀಸ್ಟೋರ್ ಮಾಡಿ ಅಂತಿದೆ. ಮಾಡಲಾ?

ಉತ್ತರ 1
ದಯವಿಟ್ಟು ಬೇಡ ಸರ್, ರೀಸ್ಟೋರ್ ಕೊಟ್ಟರೆ ಎಲ್ಲಾ ಅಳಿಸಿಹೋಗುತ್ತೆ. ಆ ಟಿಕ್ ಟಿಕ್ ಒಳಗಿನ 1.8 ಇಂಚಿನ ಹಾರ್ಡ್ ಡಿಸ್ಕ್‌ನದು. ಡಿಸ್ಕ್ ಓದುವ ಹೆಡ್‌ಗೆ ಓದಲು ಆಗದೆ ಮತ್ತೆ ಮತ್ತೆ ಪ್ರಯತ್ನ ಮಾಡ್ತಿದೆ. ಸುಮ್ಮನೆ ಆನ್-ಆಫ್ ಮಾಡುತ್ತಾ ಕೂತರೆ ಇನ್ನೂ ಹಾಳಾಗುತ್ತೆ. ನೇರವಾಗಿ ಡಿಸ್ಕ್ ಮೋಡ್‌ಗೆ ಹೋಗಿ, ಅದರಲ್ಲಿ ಐಪಾಡ್ ಕಂಪ್ಯೂಟರ್‌ಗೆ ಪೆನ್‌ಡ್ರೈವ್ ತರಹ ಕಾಣುತ್ತೆ.

ಹೋಲ್ಡ್ ಸ್ವಿಚ್ಚನ್ನು ಕಿತ್ತಳೆ ಬಣ್ಣ ಕಾಣುವಂತೆ ಸರಿಸಿ, ಮತ್ತೆ ಹಿಂದಕ್ಕೆ ತನ್ನಿ. ಮೆನು ಮತ್ತು ನಡುವಿನ ಬಟನ್ ಒಟ್ಟಿಗೆ 6ರಿಂದ 8 ಸೆಕೆಂಡ್ ಒತ್ತಿ ಹಿಡಿಯಿರಿ. ಕೈಯಲ್ಲಿ ಹಿಡಿದು ಒತ್ತಿದರೆ ಬೆರಳು ಜಾರುತ್ತೆ, ಮೇಜಿನ ಮೇಲಿಟ್ಟು ಎರಡೂ ಹೆಬ್ಬೆರಳಲ್ಲಿ ಒತ್ತಿ. ಲೋಗೋ ಬಂದ ತಕ್ಷಣ ಕೈ ಬಿಟ್ಟು, ನಡುವಿನ ಬಟನ್ ಮತ್ತು ಪ್ಲೇ ಬಟನ್ ಹಿಡಿಯಿರಿ. ತಡವಾದರೆ ಮಾಮೂಲಿ ಬೂಟ್ ಶುರುವಾಗುತ್ತೆ, ಮೊದಲಿಂದ ಮಾಡಬೇಕು. ಡಿಸ್ಕ್ ಮೋಡ್ ಪರದೆ ಬಂದಮೇಲೆ ಕಂಪ್ಯೂಟರ್‌ಗೆ ಹಾಕಿ. ಯುಎಸ್‌ಬಿ ಹಬ್ ಬೇಡ, ನೇರ ಪೋರ್ಟ್‌ಗೇ ಹಾಕಿ. ವಿಂಡೋಸ್ ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದರೆ ರದ್ದು ಮಾಡಿ, ಅದು ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಐಪಾಡ್ ಇರಬಹುದು, ವಿಂಡೋಸ್‌ಗೆ ಅದನ್ನು ಓದಲು ಬರಲ್ಲ.

ಉತ್ತರ 2
ಡ್ರೈವ್ ಕಂಡರೆ ಅಡಗಿದ ಫೈಲ್ ತೋರಿಸುವ ಆಯ್ಕೆ ಆನ್ ಮಾಡಿ. ಐಪಾಡ್_ಕಂಟ್ರೋಲ್ ಅನ್ನೋ ಫೋಲ್ಡರ್ ಒಳಗೆ ಮ್ಯೂಸಿಕ್, ಅದರೊಳಗೆ ಎಫ್00, ಎಫ್01 ಅಂತ ಸಾಲು ಫೋಲ್ಡರ್‌ಗಳು. ಫೈಲ್ ಹೆಸರೆಲ್ಲ ಅರ್ಥವಿಲ್ಲದ ನಾಲ್ಕಕ್ಷರ, ಗಾಬರಿ ಬೇಡ. ಹಾಡಿನ ನಿಜವಾದ ಹೆಸರು ಫೈಲ್ ಒಳಗೇ ಬರೆದಿಟ್ಟ ಮಾಹಿತಿಯಲ್ಲಿ, ಅಂದರೆ ಟ್ಯಾಗ್‌ನಲ್ಲಿರುತ್ತೆ.

ಆದರೆ ಕ್ಯಾಸೆಟ್‌ನಿಂದ ಇಳಿಸಿದ ಫೈಲ್‌ಗಳಿಗೆ ಬಹುಪಾಲು ಟ್ಯಾಗ್ ಹಾಕಿರಲ್ಲ. ಪ್ರಸಂಗದ ಹೆಸರು ಐಟ್ಯೂನ್ಸ್‌ಡಿಬಿ ಎಂಬ ಒಂದೇ ಫೈಲ್‌ನಲ್ಲಿ ಉಳಿದಿರುತ್ತೆ. ಹಾಗಾಗಿ ಮ್ಯೂಸಿಕ್ ಪಕ್ಕದ ಐಟ್ಯೂನ್ಸ್ ಫೋಲ್ಡರನ್ನು ಎಲ್ಲಕ್ಕಿಂತ ಮೊದಲು ಕಾಪಿ ಮಾಡಿ. ಆಮೇಲೆ ಒಂದೊಂದೇ ಎಫ್ ಫೋಲ್ಡರ್. ಒಟ್ಟಿಗೆ ಎಳೆದರೆ ಒಂದು ಕೆಟ್ಟ ಫೈಲ್‌ನಿಂದ ಇಡೀ ಕಾಪಿ ನಿಲ್ಲುತ್ತೆ. ಸಿಕ್ಕಿಕೊಂಡ ಫೈಲ್ ಬಿಟ್ಟು ಮುಂದೆ ಹೋಗಿ, ಅದನ್ನು ಕೊನೆಗೆ ನೋಡಿ. ಕಾಪಿ ಮುಗಿಯೋ ತನಕ ಚೆಕ್‌ಡಿಸ್ಕ್ (ಡಿಸ್ಕ್ ದೋಷ ಸರಿಪಡಿಸುವ ವಿಂಡೋಸ್ ಸಾಧನ) ಓಡಿಸಲೇಬೇಡಿ.

ಪ್ರಶ್ನೆ ಕೇಳಿದವರು
ಡಿಸ್ಕ್ ಮೋಡ್ ಮೂರನೇ ಸಲಕ್ಕೆ ಬಂತು. ಎಫ್17ರಲ್ಲಿ ಎರಡು ಫೈಲ್ ಬಿಟ್ಟು ಎಲ್ಲಾ ಸಿಕ್ಕಿದೆ. ಇನ್ನು ಈ ಡಿಸ್ಕ್ ಬಳಸಬಹುದಾ?

ಉತ್ತರ 1
ಐಪಾಡ್ ತಾನೇ ಹೇಳುತ್ತೆ. ಮೊದಲಿನಂತೆ ಮೆನು ಮತ್ತು ನಡುವಿನ ಬಟನ್ ಹಿಡಿದು ಮತ್ತೆ ರೀಸೆಟ್ ಮಾಡಿ, ಲೋಗೋ ಬಂದಾಗ ಈ ಸಲ ನಡುವಿನ ಬಟನ್ ಜೊತೆ ಹಿಂದಿನ ಹಾಡಿನ ಬಟನ್ ಹಿಡಿಯಿರಿ. ಡಯಾಗ್ನಾಸ್ಟಿಕ್ ಪರದೆ ಬರುತ್ತೆ. ಮೆನು ಒತ್ತಿ ಮ್ಯಾನುಯಲ್ ಟೆಸ್ಟ್‌ಗೆ ಹೋಗಿ, ಒಂದರೊಳಗೊಂದಾಗಿ ಐಓ, ಹಾರ್ಡ್‌ಡ್ರೈವ್, ಸ್ಮಾರ್ಟ್ ಡೇಟಾ (ಡಿಸ್ಕ್‌ನ ಆರೋಗ್ಯದ ಲೆಕ್ಕ) ತೆರೆಯಿರಿ. ರೀಅಲಾಕ್ಸ್ (ಕೆಟ್ಟು ಬದಲಿ ಜಾಗಕ್ಕೆ ಹೋದ ಭಾಗಗಳು) ಮತ್ತು ಪೆಂಡಿಂಗ್ ಸೆಕ್ಟರ್ಸ್ (ಓದಲಾಗದೆ ಅನುಮಾನದಲ್ಲಿರುವ ಭಾಗಗಳು) ಎರಡೂ 0 ಇದ್ದರೆ ರೀಸ್ಟೋರ್ ಕೊಟ್ಟು ನೋಡಬಹುದು. ನಿಮ್ಮದರಲ್ಲಿ ಸದ್ದು ಬರ್ತಿರೋದರಿಂದ 0 ಇರೋದು ಅನುಮಾನ. ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಬದಲಾಯಿಸಿ.

ಉತ್ತರ 3
ಬದಲಾಯಿಸೋದಾದರೆ ಹಳೇ ಹಾರ್ಡ್ ಡಿಸ್ಕೇ ಹುಡುಕಬೇಡಿ, ಎಸ್‌ಡಿ ಕಾರ್ಡ್ ಅಡಾಪ್ಟರ್ ಹಾಕಿಸಿ. ತಿರುಗುವ ಭಾಗವೇ ಇರಲ್ಲ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತೆ. 2009ರ 160 ಜಿಬಿ ಮಾಡೆಲ್ 128 ಜಿಬಿಗಿಂತ ದೊಡ್ಡ ಕಾರ್ಡನ್ನೂ ಗುರುತಿಸುತ್ತೆ. 80, 120 ಜಿಬಿ ಮಾಡೆಲ್‌ಗಳಲ್ಲಿ ಅದು ಆಗಲ್ಲ.

ಬಿಚ್ಚುವಾಗ ಹುಷಾರು. ಬ್ಯಾಟರಿ ಹಿಂಬದಿ ಕವರ್‌ಗೆ ಅಂಟಿರುತ್ತೆ, ಅದರ ರಿಬ್ಬನ್ (ಚಪ್ಪಟೆ ವೈರ್) ತುಂಬಾ ಗಿಡ್ಡ. ಕ್ಲಿಪ್ ಬಿಟ್ಟುಕೊಂಡ ತಕ್ಷಣ ಪುಸ್ತಕದ ಹಾಗೆ ಪೂರ್ತಿ ತೆರೆದರೆ ಅದು ಹರಿಯುತ್ತೆ. ಸ್ವಲ್ಪವೇ ಬಿಡಿಸಿ, ಮೊದಲು ಆ ರಿಬ್ಬನ್‌ನ ಕನೆಕ್ಟರ್ ಲಾಕ್ ತೆಗೆಯಿರಿ.