ಹಲಸಿನ ಬೇರು ಸೆಪ್ಟಿಕ್ ಟ್ಯಾಂಕಿಗೆ ಇಳಿದಿದೆ, ಏನು ಮಾಡಲಿ?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕು):
ನಮಸ್ಕಾರ. ನಮ್ಮ ಹಿತ್ತಲಿನಲ್ಲಿ ಅಜ್ಜ ನೆಟ್ಟ ಹಲಸಿನ ಮರ ಇದೆ. ಬುಡ ಸುಮಾರು 2 ಅಡಿ ದಪ್ಪ. ಅಲ್ಲಿಂದ 12 ಅಡಿ ದೂರದಲ್ಲಿ ಸೆಪ್ಟಿಕ್ ಟ್ಯಾಂಕ್, ಪಕ್ಕದಲ್ಲೇ ಇಂಗುಗುಂಡಿ. ಮಳೆ ನಿಂತು ತಿಂಗಳಾದರೂ ಕಮೋಡಿನಲ್ಲಿ ನೀರು ಸರಿಯಾಗಿ ಇಳಿಯುತ್ತಿಲ್ಲ, ಗುಳುಗುಳು ಸದ್ದು ಬೇರೆ. ಚೇಂಬರ್ ಮುಚ್ಚಳ ತೆಗೆದರೆ ಬೇರು ಕಂಡಿತು. ತೋಟಕ್ಕೆ ತಂದ ಮೈಲುತುತ್ತ (ಕಾಪರ್ ಸಲ್ಫೇಟ್) ಎರಡು ಕೆಜಿ ಸುರಿಯಿರಿ, ಬೇರು ಸುಟ್ಟು ಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಮರ ಕಡಿಯಲು ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ಇಂಗುಗುಂಡಿಯಿಂದ ಬಾವಿ 50 ಅಡಿ ದೂರದಲ್ಲಿದೆ.

ಉತ್ತರ (ಸಿವಿಲ್ ಎಂಜಿನಿಯರ್, ಶಿವಮೊಗ್ಗ):
ಮೈಲುತುತ್ತ ಮಾತ್ರ ಸುರಿಯಬೇಡಿ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ನಮ್ಮ ಕಡೆ ಅದು ಎಲ್ಲರ ಮನೆಯಲ್ಲೂ ಇರುತ್ತದೆ, ಹಾಗಾಗಿ ಈ ಸಲಹೆ ಸುಲಭವಾಗಿ ಬರುತ್ತದೆ. ಆದರೆ ಟ್ಯಾಂಕಿನೊಳಗೆ ಮಲವನ್ನು ಕರಗಿಸುವ ಬ್ಯಾಕ್ಟೀರಿಯಾಗಳಿಗೂ ಅದರಲ್ಲಿರುವ ತಾಮ್ರ ವಿಷವೇ. ಮಿಕ್ಕಿದ್ದು ಇಂಗುಗುಂಡಿಯಿಂದ ಮಣ್ಣಿಗೆ ಇಳಿಯುತ್ತದೆ. ಇಂಗುಗುಂಡಿಗೂ ಬಾವಿಗೂ ಕನಿಷ್ಠ 18 ಮೀಟರ್, ಅಂದರೆ ಹೆಚ್ಚುಕಡಿಮೆ 60 ಅಡಿ ಅಂತರ ಇರಬೇಕು. ನಿಮ್ಮದು ಈಗಾಗಲೇ ಅದಕ್ಕಿಂತ ಕಡಿಮೆ. ನೀವು ಕುಡಿಯುವ ನೀರು ಅದು, ಅಲ್ವಾ?

ಮರವನ್ನೂ ಕಡಿಯಬೇಕಿಲ್ಲ. ಬೇರು ಗೋಡೆ ಒಡೆದು ಒಳಗೆ ನುಗ್ಗುವುದು ಕಡಿಮೆ. ಜಾಯಿಂಟ್ ಎಲ್ಲೋ ಬಿರುಕು ಬಿಟ್ಟಿರುತ್ತದೆ, ಅಲ್ಲಿ ಪಸೆ ಜಿನುಗುತ್ತದೆ, ಕೂದಲಿನಂಥ ಬೇರು ಆ ಪಸೆ ಹಿಡಿದು ಬರುತ್ತದೆ. ಒಂದು ಮನೆಯಲ್ಲಿ ಹಳೆಯ ಮಣ್ಣಿನ ಪೈಪ್ ಬಿಚ್ಚಿಸಿದ್ದೆ. ಹೊರಗಿನಿಂದ ನೋಡಿದರೆ ಪೆನ್ಸಿಲ್ ಗಾತ್ರದ ಒಂದೇ ಬೇರು. ಒಳಗೆ ಅದೇ ಬೇರು ಕವಲೊಡೆದು, ಎರಡು ಮಾರು ಉದ್ದದ ಜಡೆಯ ಹಾಗೆ ಪೈಪ್ ತುಂಬಿಕೊಂಡಿತ್ತು. ಕಾಗದ, ಜಿಡ್ಡು ಎಲ್ಲಾ ಅದಕ್ಕೇ ಸಿಕ್ಕಿಕೊಂಡಿದ್ದವು. ಜಡೆ ಎಳೆದು ತೆಗೆದರೆ ಸಾಲದು, ಬಿರುಕು ಹಾಗೇ ಇದ್ದರೆ ಅದು ಮತ್ತೆ ಬರುತ್ತದೆ.

ಮೊದಲು ಸಕ್ಕಿಂಗ್ ಗಾಡಿ ಕರೆಸಿ ಟ್ಯಾಂಕ್ ಖಾಲಿ ಮಾಡಿಸಿ. ಬೇರು ಕತ್ತರಿಸಲು ಯಾರನ್ನೂ ಒಳಗೆ ಇಳಿಸಬೇಡಿ, ಎಷ್ಟೇ ಪರಿಚಯದವರಾದರೂ ಸರಿ. ಒಳಗಿನ ಗಾಳಿಯಿಂದ ಒಂದೆರಡು ಉಸಿರಿಗೇ ಜನ ಬಿದ್ದಿದ್ದಾರೆ, ಎತ್ತಲು ಇಳಿದವರೂ ಸತ್ತಿದ್ದಾರೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾನೂನಿನ ಪ್ರಕಾರ ಸುರಕ್ಷಾ ಸಲಕರಣೆ ಇಲ್ಲದೆ ಇಳಿಸುವುದು ಅಪರಾಧವೂ ಹೌದು. ಪೈಪಿನ ಬೇರನ್ನು ಮೇಲಿನಿಂದಲೇ ರಾಡ್ ಅಥವಾ ರಭಸದಿಂದ ನೀರು ಹಾಯಿಸುವ ಜೆಟ್ಟಿಂಗ್ ಮಷಿನ್‌ನಿಂದ ತೆಗೆಸಿ. ಆಮೇಲೆ ಆ ಭಾಗಕ್ಕೆ 110 ಎಂಎಂ ಪಿವಿಸಿ ಪೈಪ್ ಹಾಕಿಸಿ. ಜಾಯಿಂಟ್ ಆದಷ್ಟು ಕಡಿಮೆ ಇರಲಿ, ಇದ್ದದ್ದನ್ನು ಸಾಲ್ವೆಂಟ್ (ಪೈಪ್ ಅಂಟು) ಹಚ್ಚಿ ಬಿಗಿ ಮಾಡಿ.

ಇಂಗುಗುಂಡಿಯ ಕಥೆ ಬೇರೆ. ಅದರ ಗೋಡೆಯಲ್ಲಿ ತೂತು ಇರಲೇಬೇಕು, ಇಲ್ಲದಿದ್ದರೆ ನೀರು ಇಂಗುವುದಿಲ್ಲ. ಹಾಗಾಗಿ ಬೇರನ್ನು ದಾರಿಯಲ್ಲೇ ತಡೆಯಬೇಕು. ಮರಕ್ಕೂ ಗುಂಡಿಗೂ ನಡುವೆ 3 ಅಡಿ ಆಳದ ಚರಂಡಿ ತೋಡಿ. ಅದರಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ದಪ್ಪನೆಯ ಎಚ್‌ಡಿಪಿಇ ಶೀಟ್ ನೆಟ್ಟಗೆ ನಿಲ್ಲಿಸಿ, ಮಣ್ಣು ಮುಚ್ಚಿ. ಶೀಟಿನ ಅಂಚು ನೆಲದಿಂದ ಎರಡು ಇಂಚು ಮೇಲೆ ಇರಲಿ, ಇಲ್ಲವಾದರೆ ಬೇರು ಮೇಲಿನಿಂದ ದಾಟುತ್ತದೆ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಕೆಳಗೆ ಗಟ್ಟಿ ಪದರ ಸಿಗುವುದರಿಂದ ಬೇರು ಜಾಸ್ತಿ ಹರಡುವುದು ಮೇಲಿನ ಮಣ್ಣಿನಲ್ಲೇ.

ಚರಂಡಿ ಬುಡದಿಂದ ಕನಿಷ್ಠ 8 ಅಡಿ ದೂರ ಇರಲಿ, ಒಂದೇ ಪಕ್ಕದಲ್ಲಿರಲಿ. ಹತ್ತಿರ ಕಡಿದರೆ, ಎರಡು ಪಕ್ಕ ಕಡಿದರೆ, ಮುಂದಿನ ಆಷಾಢದ ಗಾಳಿಗೆ ಮರ ಮನೆ ಮೇಲೇ ಬರಬಹುದು. ಈಗಲೇ ಮಾಡಿಸಿ. ಮಳೆಗೆ ಇನ್ನೂ ಏಳು ತಿಂಗಳಿದೆ, ಮಣ್ಣು ಕೂರಲು ಸಮಯ ಸಿಗುತ್ತದೆ.

ಇನ್ನೊಂದು ಪ್ರಶ್ನೆ (ಸಾಗರ):
ಸರ್, ನಮ್ಮ ಗುಂಡಿ ಜುಲೈ, ಆಗಸ್ಟ್‌ನಲ್ಲಿ ಮಾತ್ರ ತುಂಬಿ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಹತ್ತಿರದಲ್ಲಿ ಎರಡು ತೆಂಗು ಇವೆ. ತೆಗೆಸಲಾ?

ಉತ್ತರ:
ಬೇಡ ಮಾರಾಯ್ರೇ! ಸುಮ್ನೆ ಫಲ ಬಿಡುವ ಮರ ಕಳೆದುಕೊಳ್ಳುತ್ತೀರಿ. ಬೇರಿನ ಕಾಟ ಆಗಿದ್ದರೆ ಏಪ್ರಿಲ್‌ನಲ್ಲೂ ಕಾಣಬೇಕಿತ್ತು. ನಿಮ್ಮದು ಮಳೆಗಾಲದ ಒರತೆ. ನೆಲವೇ ತುಂಬಿರುವಾಗ ಗುಂಡಿಯ ನೀರು ಎಲ್ಲಿಗೆ ಹೋಗಬೇಕು? ಮಾಡಿನ ನೀರು, ಅಂಗಳದ ನೀರು ಗುಂಡಿಯ ಕಡೆ ಹರಿಯದಂತೆ ಅಗಳು ತೆಗೆಸಿ. ಬಚ್ಚಲು ನೀರನ್ನು ಗುಂಡಿಗೆ ಬಿಟ್ಟಿದ್ದರೆ ಬಿಡಿಸಿ, ಹಿಂದೆಲ್ಲ ಮಾಡುತ್ತಿದ್ದ ಹಾಗೆ ಬಾಳೆ ಬುಡಕ್ಕೆ ತಿರುಗಿಸಿ. ಇಷ್ಟಕ್ಕೇ ಗುಂಡಿಯ ಹೊರೆ ಬಹಳ ಇಳಿಯುತ್ತದೆ.

ಮೊದಲ ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಭಾನುವಾರ ಚರಂಡಿ ಗುರುತು ಹಾಕುತ್ತೇವೆ. ಗುಂಡಿಯ ಮೇಲೆ ಖಾಲಿ ಜಾಗ ಇದೆ. ಅಮ್ಮ ಬಸಳೆ ಹಬ್ಬಿಸಬೇಕು ಅಂತಿದ್ದಾರೆ.

ಉತ್ತರ:
ತಿನ್ನುವ ಸೊಪ್ಪು ಅಲ್ಲಿ ಬೇಡ, ಬಸಳೆ, ಒಂದೆಲಗ ಎರಡೂ ಬೇಡ. ಅತ್ತಿ ಮರ, ಗೋಣಿ ಮರ, ಬಿದಿರು ಅಂತೂ ಆ ಕಡೆಗೇ ಬರಬಾರದು. ಅಮ್ಮನಿಗೆ ಡೇರೆ ಹೂ (ಡೇಲಿಯಾ) ಇಷ್ಟ ಇದ್ದರೆ ಅದನ್ನು ನೆಡಲಿ. ಗೆಡ್ಡೆ ಮೇಲೇ ಇರುತ್ತದೆ, ಗುಂಡಿಗೆ ಏನೂ ಆಗುವುದಿಲ್ಲ. ಮುಚ್ಚಳದ ಜಾಗ ಮಾತ್ರ ಬಿಟ್ಟು ನೆಡಲು ಹೇಳಿ, ಎರಡು ಮೂರು ವರ್ಷಕ್ಕೊಮ್ಮೆ ಗಾಡಿ ಬಂದಾಗ ತೆಗೆಯಬೇಕಾಗುತ್ತದೆ.