ಅಪ್ಪನ ಪಿಪಿಒದಲ್ಲಿ ಅಮ್ಮನ ಹೆಸರು ತಪ್ಪಾಗಿದೆ, ಎಲ್ಲಿಂದ ಶುರು ಮಾಡುವುದು?

ಪ್ರಶ್ನೆ (ಮಗಳು, ವಿದ್ಯಾರಣ್ಯಪುರ):
ನಮಸ್ಕಾರ ಸರ್. ನಮ್ಮ ಅಪ್ಪ ಸೇನೆಯಲ್ಲಿ ಹವಾಲ್ದಾರ್ ಆಗಿದ್ದು 1986ರಲ್ಲಿ ಪೆನ್ಷನ್ ಮೇಲೆ ಬಂದವರು. ಈಗ 79 ವರ್ಷ. ಅವರ ಪಿಪಿಒದಲ್ಲಿ, ಅಂದರೆ ಪೆನ್ಷನ್ ಪಾವತಿ ಆದೇಶದಲ್ಲಿ, ಅಮ್ಮನ ಹೆಸರು 'ಲಕ್ಷ್ಮಿ' ಅಂತಿದೆ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಎಲ್ಲದರಲ್ಲೂ 'ಲಕ್ಷ್ಮಮ್ಮ'. ಅಮ್ಮನ ಹುಟ್ಟಿದ ದಿನಾಂಕದ ಜಾಗ ಖಾಲಿ ಇದೆ. ಸ್ಪರ್ಶ್‌ನಲ್ಲಿ (ರಕ್ಷಣಾ ಪೆನ್ಷನ್ ವೆಬ್‌ಸೈಟ್) ತಿದ್ದಲು ಹೋದರೆ ತಿರಸ್ಕಾರ ಆಗುತ್ತಿದೆ. ಗೊತ್ತಿರುವವರೊಬ್ಬರು "ಅಮ್ಮನ ಆಧಾರನ್ನೇ ಲಕ್ಷ್ಮಿ ಅಂತ ಬದಲಾಯಿಸಿಬಿಡಿ, ಅದೇ ಸುಲಭ" ಅಂತ ಹೇಳ್ತಾರೆ. ಹಾಗೆ ಮಾಡಬಹುದಾ?

ಉತ್ತರ (ನಿವೃತ್ತ ಸುಬೇದಾರ್ ಕ್ಲರ್ಕ್, ಈಗ ಮಾಜಿ ಸೈನಿಕರ ಕಾಗದಪತ್ರ ನೋಡುವವರು):
ಆಧಾರ್ ಮುಟ್ಟಬೇಡಿ ತಾಯಿ. ಅದನ್ನು ಬದಲಾಯಿಸಿದರೆ ನಾಳೆ ಪ್ಯಾನ್, ಪಾಸ್‌ಬುಕ್, ವೋಟರ್ ಕಾರ್ಡ್, ಮನೆ ಖಾತೆ ಎಲ್ಲವನ್ನೂ ಬದಲಾಯಿಸುತ್ತಾ ಕೂರಬೇಕು. ಇರುವ ಒಂದು ತಪ್ಪಿಗೆ ಐದು ಹೊಸ ತಪ್ಪು ಸೇರಿಸಿದ ಹಾಗಾಗುತ್ತದೆ.

ಮೊದಲು ಆ 'ಲಕ್ಷ್ಮಿ' ಎಲ್ಲಿಂದ ಬಂತು ನೋಡೋಣ. ನಿಮ್ಮ ಅಪ್ಪನ ಮದುವೆಯಾದಾಗ ಅವರ ಯೂನಿಟ್‌ನವರು ಒಂದು ಪಾರ್ಟ್ ಟು ಆರ್ಡರ್ ಹೊರಡಿಸಿರುತ್ತಾರೆ. ಮದುವೆ, ಮಕ್ಕಳು ಹುಟ್ಟಿದ್ದು, ತೀರಿಕೊಂಡದ್ದು, ಎಲ್ಲಾ ಸೇನೆಯ ದಾಖಲೆಗೆ ಸೇರುವುದು ಆ ಆರ್ಡರ್ ಮೂಲಕವೇ. ಅಪ್ಪ ಬಾಯಲ್ಲಿ ಹೇಳಿದ್ದನ್ನು ಕ್ಲರ್ಕ್ ಇಂಗ್ಲಿಷ್‌ನಲ್ಲಿ ಬರೆದುಕೊಂಡಿರುತ್ತಾನೆ. ನಮ್ಮ ಕಡೆಯ 'ಅಮ್ಮ', 'ಅಪ್ಪ', 'ಅವ್ವ' ಎಲ್ಲಾ ಅಲ್ಲಿ ಉದುರಿಹೋಗುವುದು ತುಂಬಾ ಮಾಮೂಲಿ. ಆ ಆರ್ಡರಿನಿಂದ ಹೆಸರು ರೆಕಾರ್ಡ್ ಆಫೀಸಿನ, ಅಂದರೆ ರೆಜಿಮೆಂಟಿನವರ ದಾಖಲೆ ಇಡುವ ಕಚೇರಿಯ, ಶೀಟ್ ರೋಲ್‌ಗೆ (ಸೈನಿಕನ ಸೇವಾ ವಿವರದ ದಾಖಲೆಗೆ) ಹೋಯಿತು. ಪೆನ್ಷನ್ ಸಮಯದಲ್ಲಿ ರೆಕಾರ್ಡ್ ಆಫೀಸಿನಿಂದ ಕಾಗದ ಅಲಹಾಬಾದ್‌ಗೆ, ಅಂದರೆ ಈಗಿನ ಪ್ರಯಾಗ್‌ರಾಜ್‌ನ ಪಿಸಿಡಿಎ ಎಂಬ ರಕ್ಷಣಾ ಪೆನ್ಷನ್ ಕಚೇರಿಗೆ ಹೋಯಿತು. ಅವರು ಅದನ್ನೇ ನೋಡಿ ಪಿಪಿಒ ಮಾಡಿದರು. ಸ್ಪರ್ಶ್‌ಗೆ ಬಂದದ್ದೂ ಅದೇ ಪಿಪಿಒದ ಮಾಹಿತಿ. ಅಂದಮೇಲೆ ಸ್ಪರ್ಶ್‌ನಲ್ಲಿ ಎಷ್ಟು ಒದ್ದಾಡಿದರೂ ಸುಮ್ನೆ. ರೆಕಾರ್ಡ್ ಆಫೀಸಿನ ಪುಸ್ತಕದಲ್ಲಿ ಲಕ್ಷ್ಮಿ ಇರುವ ತನಕ ಕೆಳಗಿನವರು ಯಾರೂ ಲಕ್ಷ್ಮಮ್ಮ ಎಂದು ಬರೆಯುವುದಿಲ್ಲ.

ಅರ್ಜಿ ಹೋಗಬೇಕಾದ್ದು ರೆಕಾರ್ಡ್ ಆಫೀಸಿಗೆ. ಅಪ್ಪನೇ ಸಹಿ ಮಾಡಿರಬೇಕು. ಇದು ಮುಖ್ಯ. ಅವರು ಇರುವಾಗ "ಇವಳು ನನ್ನ ಹೆಂಡತಿ, ಹೆಸರು ಹೀಗೆ" ಎಂದು ಅವರೇ ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅರ್ಜಿಯಲ್ಲಿ ಆರ್ಮಿ ನಂಬರ್, ರ್ಯಾಂಕ್, ಹೆಸರು ಮೂರೂ ಡಿಸ್ಚಾರ್ಜ್ ಬುಕ್‌ನಲ್ಲಿ ಇದ್ದ ಹಾಗೇ ಬರೆಯಿರಿ. ನಂಬರಿನ ಕೊನೆಯ ಇಂಗ್ಲಿಷ್ ಅಕ್ಷರ ಬಿಡಬೇಡಿ. ಈಗ ಏನಿದೆ, ಏನಾಗಬೇಕು ಎಂದು ಎರಡು ಸಾಲು ಸಾಕು. ಅವರ ಸೇವೆಯ ಕಥೆಯೆಲ್ಲಾ ಬೇಡ, ಅರ್ಜಿ ಓದುವವನಿಗೆ ಬೇಕಾದ್ದು ಆ ಎರಡು ಸಾಲು ಮಾತ್ರ.

ಜೊತೆಗೆ ನೋಟರಿ ಅಫಿಡವಿಟ್. "ನನ್ನ ಸೇವಾ ದಾಖಲೆಯಲ್ಲಿರುವ ಲಕ್ಷ್ಮಿ ಮತ್ತು ಆಧಾರ್‌ನಲ್ಲಿರುವ ಲಕ್ಷ್ಮಮ್ಮ ಒಬ್ಬರೇ" ಎಂದು ಇರಬೇಕು. ಇಂಗ್ಲಿಷ್ ಅಕ್ಷರಗಳನ್ನು ಆಧಾರ್ ಕಾರ್ಡ್ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಿ. 'ಕ್ಷ'ಗೆ ಒಬ್ಬರು 'ಕೆ ಎಸ್ ಎಚ್' ಹಾಕುತ್ತಾರೆ, ಇನ್ನೊಬ್ಬರು 'ಎಕ್ಸ್' ಹಾಕುತ್ತಾರೆ. ಟೈಪ್ ಮಾಡುವವನು ತನಗೆ ಬಂದ ಹಾಗೆ ಹೊಡೆದರೆ ಮೂರನೇ ಹೆಸರೊಂದು ಹುಟ್ಟಿಕೊಳ್ಳುತ್ತದೆ. ಇಬ್ಬರ ಆಧಾರ್, ಪ್ಯಾನ್, ಪಿಪಿಒ, ಡಿಸ್ಚಾರ್ಜ್ ಬುಕ್‌ನ ಜೆರಾಕ್ಸ್, ಇಬ್ಬರೂ ಒಟ್ಟಿಗಿರುವ ಫೋಟೊ ಸೇರಿಸಿ.

ಹುಟ್ಟಿದ ದಿನಾಂಕವನ್ನೂ ಇದೇ ಅರ್ಜಿಯಲ್ಲಿ ಸೇರಿಸಲು ಕೇಳಿ. ಜನ ಹೆಸರಿಗೆ ತಲೆ ಕೆಡಿಸಿಕೊಳ್ಳುತ್ತಾರೆ, ಇದನ್ನು ಬಿಟ್ಟುಬಿಡುತ್ತಾರೆ. 80 ತುಂಬಿದರೆ ಪೆನ್ಷನ್ ಶೇ 20 ಜಾಸ್ತಿ ಆಗುತ್ತದೆ. 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರಕ್ಕೆ ಪೂರ್ತಿ ಒಂದು ಪಟ್ಟು. ಇದು ಕುಟುಂಬ ಪಿಂಚಣಿಗೂ ಇದೆ. ದಾಖಲೆಯಲ್ಲಿ ಅಮ್ಮನ ಹುಟ್ಟಿದ ದಿನಾಂಕವೇ ಇಲ್ಲದಿದ್ದರೆ ಅವರಿಗೆ 80 ಆಯಿತು ಎಂದು ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು? ಅಪ್ಪನಿಗೂ 80 ಹತ್ತಿರ ಬಂತಲ್ವಾ, ಅವರ ದಿನಾಂಕ ಸ್ಪರ್ಶ್‌ನಲ್ಲಿ ಸರಿ ಇದೆಯಾ ಎಂದು ಈಗಲೇ ನೋಡಿಕೊಳ್ಳಿ.

ಇಷ್ಟನ್ನೂ ನೇರ ಅಂಚೆಗೆ ಹಾಕಬೇಡಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಸಹಿ, ಸೀಲು ಹಾಕಿಸಿ ಅಲ್ಲಿಂದಲೇ ಕಳಿಸಿ. ನಮ್ಮ ಇಲಾಖೆ ಇರುವುದು ರೆಸಿಡೆನ್ಸಿ ರಸ್ತೆಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಭವನದಲ್ಲಿ. ಆ ರಸ್ತೆಗೂ ಈಗ ಕಾರ್ಯಪ್ಪನವರದೇ ಹೆಸರು, ಆಟೋದವರಿಗೆ ಮಾತ್ರ ಹಳೆ ಹೆಸರು ಹೇಳಿ.

ಮಗಳು:
ತುಂಬಾ ಥ್ಯಾಂಕ್ಸ್ ಸರ್. ಅಪ್ಪನ ರೆಕಾರ್ಡ್ ಆಫೀಸ್ ಬೆಂಗಳೂರಲ್ಲೇ ಇರುತ್ತಾ? ಅವರಿಗೆ ಸರಿಯಾಗಿ ನೆನಪಿಲ್ಲ.

ಉತ್ತರ:
ಊರು ನೋಡಿ ಹೇಳಲು ಆಗುವುದಿಲ್ಲ, ಯಾವ ರೆಜಿಮೆಂಟ್ ಅಥವಾ ಕೋರ್ ಎಂಬುದರ ಮೇಲೆ ಹೋಗುತ್ತದೆ. ಡಿಸ್ಚಾರ್ಜ್ ಬುಕ್‌ನ ಸೀಲು ನೋಡಿ. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಎಎಸ್‌ಸಿ (ಆರ್ಮಿ ಸರ್ವಿಸ್ ಕೋರ್) ಸೌತ್, ಮಿಲಿಟರಿ ಪೊಲೀಸ್, ಪಯೋನಿಯರ್, ಪ್ಯಾರಾ ಇವೆಲ್ಲಾ ಇಲ್ಲೇ ಬೆಂಗಳೂರಿನಲ್ಲಿವೆ. ಆರ್ಟಿಲರಿ ಆದರೆ ನಾಸಿಕ್ ರೋಡ್. ಸಿಗ್ನಲ್ಸ್ ಜಬಲ್ಪುರ. ಇಎಂಇ (ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಎಂಜಿನಿಯರ್ಸ್ ಕೋರ್) ಸಿಕಂದರಾಬಾದ್. ಮರಾಠಾ ಲೈಟ್ ಇನ್‌ಫೆಂಟ್ರಿ ನಮ್ಮ ಬೆಳಗಾವಿ. ಮದ್ರಾಸ್ ರೆಜಿಮೆಂಟ್ ಊಟಿ ಹತ್ತಿರದ ವೆಲ್ಲಿಂಗ್ಟನ್. ವಾಯುಪಡೆಯವರದು ದೆಹಲಿಯ ಸುಬ್ರತೊ ಪಾರ್ಕ್, ನೌಕಾಪಡೆಯ ಸೇಲರ್‌ಗಳದು ಮುಂಬೈನ ಮಾನ್‌ಖುರ್ದ್. ಹಲಸೂರಿನ ಎಂಇಜಿ ಗೇಟಿಗೆ ಹೋಗಿ ನಿಂತು, ಆಮೇಲೆ "ನಿಮ್ಮದು ಇಲ್ಲಲ್ಲ" ಎನ್ನಿಸಿಕೊಂಡು ಬರುವ ಹಿರಿಯರು ಇವತ್ತಿಗೂ ಇದ್ದಾರೆ.

ಇನ್ನೊಂದು ಮಾತು. ರೆಕಾರ್ಡ್ ಆಫೀಸಿನವರು ಹೊಸ ಪಾರ್ಟ್ ಟು ಆರ್ಡರ್ ಮಾಡಿ ಪ್ರತಿ ಕಳಿಸಿದಾಗ ಕೆಲಸ ಅರ್ಧ ಆದ ಹಾಗೆ. ತುಂಬಾ ಜನ ಅದನ್ನು ಫೈಲಿಗೆ ಹಾಕಿ ನಿಶ್ಚಿಂತರಾಗುತ್ತಾರೆ. ಅಲ್ಲಿಂದ ಪ್ರಯಾಗ್‌ರಾಜ್‌ಗೆ ಹೋಗಿ ತಿದ್ದುಪಡಿ ಪಿಪಿಒ ಬರಬೇಕು. ನಾವು ಅದನ್ನು ಕಾರಿಜೆಂಡಮ್ ಎನ್ನುತ್ತೇವೆ. ಅದು ಬಂದು, ಸ್ಪರ್ಶ್‌ನಲ್ಲಿ ಅಮ್ಮನ ಹೆಸರು ಪೂರ್ತಿ ಕಂಡ ಮೇಲೆ ಬಿಡಿ.

ಪ್ರಶ್ನೆ (ಮಾಜಿ ನಾಯಕ್, ಕೆಂಗೇರಿ):
ಸಾರ್, ನನ್ನ ಆಧಾರ್‌ನಲ್ಲಿ ಹುಟ್ಟಿದ ತಾರೀಕು ಬೇರೆ, ಡಿಸ್ಚಾರ್ಜ್ ಬುಕ್‌ನಲ್ಲಿ ಬೇರೆ. ನಿಜವಾದ್ದು ಆಧಾರ್‌ನದು. ಆರ್ಮಿ ದಾಖಲೆ ತಿದ್ದಿಸಬಹುದಾ?

ಉತ್ತರ:
ಇಲ್ಲ. ಭರ್ತಿಯಾದಾಗ ಬರೆಸಿದ ತಾರೀಕಿನ ಮೇಲೆಯೇ ನೀವು ಸೇವೆ ಮಾಡಿದ್ದೀರಿ, ಅದರ ಮೇಲೆಯೇ ಪೆನ್ಷನ್ ಬಂದಿದ್ದೀರಿ. ಇಷ್ಟು ವರ್ಷ ಬಿಟ್ಟು ಕೇಳಿದರೆ ಕೋರ್ಟ್‌ಗಳೂ ಒಪ್ಪುವುದಿಲ್ಲ. ಇಲ್ಲಿ ಮೇಲಿನ ಪ್ರಶ್ನೆಯ ಉಲ್ಟಾ ಮಾಡಬೇಕು. ಆಧಾರನ್ನೇ ಡಿಸ್ಚಾರ್ಜ್ ಬುಕ್‌ಗೆ ಹೊಂದಿಸಿ, ಆಮೇಲೆ ಪ್ಯಾನ್. ಆಧಾರ್‌ನಲ್ಲಿ ತಾರೀಕು ಬದಲಿಸಲು ಒಂದೇ ಅವಕಾಶ ಇರುವುದು, ಹಾಗಾಗಿ ದಾಖಲೆ ಸರಿಯಾಗಿಟ್ಟುಕೊಂಡು ಹೋಗಿ. ಕೌಂಟರಿನ ಹುಡುಗ ಟೈಪ್ ಮಾಡಿದ್ದನ್ನು ರಸೀದಿಗೆ ಸಹಿ ಹಾಕುವ ಮುಂಚೆ ಓದಿ.

ಪ್ರಶ್ನೆ (ಮಗ, ಯಲಹಂಕ):
ಅಪ್ಪನ ಡಿಸ್ಚಾರ್ಜ್ ಬುಕ್‌ನಲ್ಲಿ ಸೇವೆ 17 ವರ್ಷ 4 ತಿಂಗಳು ಅಂತಿದೆ. ಪಿಪಿಒದಲ್ಲಿ 17 ವರ್ಷ ಮಾತ್ರ. ನಾಲ್ಕು ತಿಂಗಳಿಗೆ ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಉತ್ತರ:
ಆಗುತ್ತದೆ. ಒಆರ್‌ಒಪಿ (ಒಂದೇ ರ್ಯಾಂಕ್, ಅಷ್ಟೇ ಸೇವೆಗೆ ಒಂದೇ ಪೆನ್ಷನ್) ಪಟ್ಟಿ ಇರುವುದು ಅರ್ಧ ಅರ್ಧ ವರ್ಷದ ಲೆಕ್ಕದಲ್ಲಿ. ಮೂರು ತಿಂಗಳು ದಾಟಿದರೆ ಅದನ್ನು ಅರ್ಧ ವರ್ಷ ಎಂದು ಹಿಡಿಯುತ್ತಾರೆ, ಒಂಬತ್ತು ದಾಟಿದರೆ ಪೂರ್ತಿ ವರ್ಷ. 17 ವರ್ಷ 4 ತಿಂಗಳು ಅಂದರೆ ಹದಿನೇಳೂವರೆ. ಪಟ್ಟಿಯಲ್ಲಿ ಒಂದು ಸಾಲು ಕೆಳಗೆ ನೋಡಬೇಕು. ಒಆರ್‌ಒಪಿ ಜಾರಿಗೆ ಬಂದದ್ದು 2014ರ ಜುಲೈ 1ರಿಂದ, ಆಮೇಲೆ 2019 ಮತ್ತು 2024ರಲ್ಲಿ ಪರಿಷ್ಕರಣೆ ಆಯಿತು. ತಪ್ಪು ಸಾಲಿನಲ್ಲಿ ಕೂತಿದ್ದರೆ ಪ್ರತಿ ಸಲವೂ ನಷ್ಟ.

ಆದರೆ ಜಗಳಕ್ಕೆ ಹೋಗುವ ಮುಂಚೆ ಡಿಸ್ಚಾರ್ಜ್ ಬುಕ್ ಇನ್ನೊಮ್ಮೆ ಓದಿ. ಅದರಲ್ಲಿ ಒಟ್ಟು ಸೇವೆ ಬೇರೆ, ಪೆನ್ಷನ್‌ಗೆ ಲೆಕ್ಕಕ್ಕೆ ಬರುವ ಸೇವೆ ಬೇರೆ. ರಜೆ ಮುಗಿದ ಮೇಲೆ ಹೇಳದೆ ಕೇಳದೆ ಊರಲ್ಲೇ ಉಳಿದ ದಿನಗಳು, ಶಿಕ್ಷೆಯಲ್ಲಿದ್ದ ದಿನಗಳು ಕಳೆದುಹೋಗುತ್ತವೆ. ಅಪ್ಪ ಇದನ್ನು ಮನೆಯಲ್ಲಿ ಹೇಳಿರುವುದಿಲ್ಲ, ನೀವೂ ಕೆದಕಬೇಡಿ, ಪುಸ್ತಕ ನೋಡಿ ಸಾಕು. ಅಂಥದ್ದೇನೂ ಇಲ್ಲ ಅಂದರೆ ರೆಕಾರ್ಡ್ ಆಫೀಸಿಗೆ ಬರೆಯಿರಿ. ಹಾಗೇ ರ್ಯಾಂಕ್ ಮತ್ತು ಸಂಬಳದ ಗ್ರೂಪ್ ಕೂಡ ನೋಡಿ. ಟೆಕ್ನಿಕಲ್ ಟ್ರೇಡ್‌ನಲ್ಲಿ ಎಕ್ಸ್ ಗ್ರೂಪ್‌ನಲ್ಲಿದ್ದವರಿಗೆ ವೈ ಗ್ರೂಪ್ ಹಾಕಿದ್ದರೆ ಅದೂ ದುಡ್ಡಿನ ಪೆಟ್ಟೇ.

ಪ್ರಶ್ನೆ (ಗೃಹಿಣಿ, ರಾಜಾಜಿನಗರ):
ಅಣ್ಣ, ನಮ್ಮ ಯಜಮಾನರು ಹೋದ ವರ್ಷ ತೀರಿಕೊಂಡರು. ನಾನು ಎರಡನೆಯವಳು. ಮೊದಲಿನವರು ತೀರಿಕೊಂಡ ಮೇಲೆ, ಯಜಮಾನರು ಪೆನ್ಷನ್ ಬಂದ ಮೇಲೆ, ದೇವಸ್ಥಾನದಲ್ಲಿ ಮದುವೆ ಆಗಿದ್ದು. ಪಿಪಿಒದಲ್ಲಿ ಈಗಲೂ ಅಕ್ಕನ ಹೆಸರೇ ಇದೆ. ನನಗೆ ಏನೂ ಸಿಗಲ್ವಾ?

ಉತ್ತರ:
ಸಿಗುತ್ತದೆ ಅಮ್ಮ, ಧೈರ್ಯವಾಗಿರಿ. ನಿವೃತ್ತಿಯ ನಂತರ ಮದುವೆಯಾದ ಹೆಂಡತಿಗೂ ಕುಟುಂಬ ಪಿಂಚಣಿಯ ಹಕ್ಕು ಇದೆ. ಅವರು ನೋಡುವುದು ಒಂದೇ, ನಿಮ್ಮ ಮದುವೆಯ ದಿನ ಮೊದಲ ಹೆಂಡತಿ ಬದುಕಿದ್ದರಾ ಎಂದು. ಬದುಕಿದ್ದು, ವಿಚ್ಛೇದನವೂ ಆಗಿರದಿದ್ದರೆ ಆ ಮದುವೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ನಿಮ್ಮದು ಹಾಗಲ್ಲ. ಆದ್ದರಿಂದ ಮೊದಲು ಬೇಕಾದ್ದು ಅಕ್ಕನ ಮರಣ ಪತ್ರ. ಅದರಲ್ಲಿರುವ ತಾರೀಕು ನಿಮ್ಮ ಮದುವೆಯ ತಾರೀಕಿಗಿಂತ ಹಿಂದೆ ಇರಬೇಕು.

ಕಷ್ಟ ಇರುವುದು ಮದುವೆಯ ಸಾಕ್ಷಿಯಲ್ಲಿ. ಯಜಮಾನರು ಇದ್ದಾಗ ನೋಂದಣಿ ಮಾಡಿಸಿದ್ದರೆ ಒಂದು ಕಾಗದದಲ್ಲಿ ಮುಗಿಯುತ್ತಿತ್ತು. ಈಗ ಇರುವುದನ್ನೆಲ್ಲಾ ಒಟ್ಟು ಮಾಡಿ. ದೇವಸ್ಥಾನದ ರಸೀದಿ, ಲಗ್ನಪತ್ರಿಕೆ, ಫೋಟೊ, ಇಬ್ಬರ ಹೆಸರೂ ಇರುವ ರೇಷನ್ ಕಾರ್ಡ್, ಗಂಡನ ಹೆಸರಿರುವ ನಿಮ್ಮ ವೋಟರ್ ಕಾರ್ಡ್, ಮಕ್ಕಳಿದ್ದರೆ ಅವರ ಜನನ ಪತ್ರ, ಮಾರ್ಕ್ಸ್ ಕಾರ್ಡ್. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ. ಅಕ್ಕನ ಮಕ್ಕಳಿದ್ದರೆ "ಇವರು ನಮ್ಮ ತಂದೆಯ ಹೆಂಡತಿ, ನಮ್ಮ ತಕರಾರಿಲ್ಲ" ಎಂದು ಅಫಿಡವಿಟ್ ಕೊಡುತ್ತಾರಾ ಕೇಳಿ. ಅದೊಂದು ಸಿಕ್ಕರೆ ದಾರಿ ತುಂಬಾ ಸಲೀಸು. ಅವರು ತಕರಾರು ಮಾಡಿದರೆ ಮಾತ್ರ ಕೋರ್ಟಿನಿಂದ ಘೋಷಣೆ ತರಬೇಕಾಗುತ್ತದೆ. ಎಲ್ಲಾ ತಗೊಂಡು ಸೈನಿಕ ಕಲ್ಯಾಣ ಕಚೇರಿಗೆ ನೀವೇ ಹೋಗಿ, ಅಲ್ಲಿ ಇಂಥ ಕೇಸು ಹೊಸತಲ್ಲ.

ಪ್ರಶ್ನೆ (ಮಾಜಿ ಸೈನಿಕ, ಟಿ. ದಾಸರಹಳ್ಳಿ):
ಒಬ್ಬ ಏಜೆಂಟ್ ಎಲ್ಲಾ ಮಾಡಿಸಿಕೊಡ್ತೀನಿ, ಮೂಲ ಡಿಸ್ಚಾರ್ಜ್ ಬುಕ್ ಮತ್ತು ಸ್ಪರ್ಶ್ ಪಾಸ್‌ವರ್ಡ್ ಕೊಡಿ ಅಂತಾನೆ. ಕೊಡಬಹುದಾ?

ಉತ್ತರ:
ಎರಡನ್ನೂ ಕೊಡಬೇಡಿ. ಪಾಸ್‌ವರ್ಡ್ ಕೊಟ್ಟರೆ ಬ್ಯಾಂಕ್ ಖಾತೆ ಬದಲಿಸುವ ಬಾಗಿಲು ತೆರೆದುಕೊಟ್ಟ ಹಾಗೆ. ಮೂಲ ಪುಸ್ತಕ ಯಾರಿಗೂ ಬೇಡ, ಜೆರಾಕ್ಸ್ ಸಾಕು. ಸೈನಿಕ ಕಲ್ಯಾಣ ಕಚೇರಿಯಲ್ಲಿ ಇದಕ್ಕೆ ದುಡ್ಡು ಕೊಡುವಂತಿಲ್ಲ. ಖರ್ಚು ಅಂದರೆ ನೋಟರಿ, ಸ್ಟ್ಯಾಂಪ್ ಪೇಪರ್, ಅಂಚೆ.

ಮಗಳು (ವಿದ್ಯಾರಣ್ಯಪುರ):
ಸರ್, ಕೊನೆಯದಾಗಿ ಒಂದು. ಅರ್ಜಿ ಹಾಕಿ ತಿಂಗಳುಗಟ್ಟಲೆ ಉತ್ತರವೇ ಬರದಿದ್ದರೆ?

ಉತ್ತರ:
ನೆನಪೋಲೆ ಮೇಲೆ ನೆನಪೋಲೆ ಬರೆಯುವ ಬದಲು ಆರ್‌ಟಿಐ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು, ಆನ್‌ಲೈನ್‌ನಲ್ಲೇ ಆಗುತ್ತದೆ. "ಯಾಕೆ ಮಾಡಿಲ್ಲ" ಎಂದು ಕೇಳಬೇಡಿ. "ಇಂಥ ತಾರೀಕಿನ ನನ್ನ ಅರ್ಜಿಯ ಮೇಲೆ ಆದ ಟಿಪ್ಪಣಿಗಳ ಪ್ರತಿ, ಮತ್ತು ನನ್ನ ಶೀಟ್ ರೋಲ್‌ನ ಪ್ರತಿ ಕೊಡಿ" ಎಂದು ಕೇಳಿ. ಪುಟಕ್ಕೆ ಎರಡು ರೂಪಾಯಿ. ಅರ್ಜಿ ಅಪ್ಪನ ಹೆಸರಲ್ಲೇ ಇರಲಿ, ನಿಮ್ಮ ಹೆಸರಲ್ಲಿ ಹಾಕಿದರೆ ಬೇರೆಯವರ ವೈಯಕ್ತಿಕ ಮಾಹಿತಿ ಎಂದು ವಾಪಸ್ ಕಳಿಸಬಹುದು. ಶೀಟ್ ರೋಲ್ ಪ್ರತಿ ಕೈಗೆ ಬಂದರೆ ತಪ್ಪು ಯಾವ ಸಾಲಿನಲ್ಲಿದೆ ಎಂದು ನಿಮಗೇ ಕಾಣುತ್ತದೆ.

ಆಗಲ್ಲ ಎಂದು ಬರೆದುಕೊಟ್ಟರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕರ್ನಾಟಕದ ಕೇಸುಗಳನ್ನು ನೋಡುವುದು ಕೊಚ್ಚಿ ಪೀಠ. ತಿರಸ್ಕರಿಸಿದ ಪತ್ರ ಬಂದ ಆರು ತಿಂಗಳೊಳಗೆ ಹೋಗಬೇಕು. ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರವೇ ಇಲ್ಲದಿದ್ದರೂ ಹೋಗಬಹುದು. ಪೆನ್ಷನ್ ವಿಷಯದಲ್ಲಿ ತಡವಾಗಿ ಹೋದರೂ ಕೇಸು ಕೇಳುತ್ತಾರೆ, ಆದರೆ ಹಿಂಬಾಕಿ ಸಾಮಾನ್ಯವಾಗಿ ಕೇಸು ಹಾಕುವ ಹಿಂದಿನ ಮೂರು ವರ್ಷಕ್ಕೆ ಮಾತ್ರ ಸಿಗುವುದು. ಯಲಹಂಕದವರು ಇದನ್ನು ಗಮನಿಸಿ, ನಿಮ್ಮದು ದುಡ್ಡಿನ ವ್ಯತ್ಯಾಸ ಇರುವ ಕೇಸು. ನಿಮ್ಮ ಅಮ್ಮನ ಹೆಸರಿನ ವಿಷಯ ಅಲ್ಲಿಯವರೆಗೆ ಹೋಗುವುದಿಲ್ಲ ತಾಯಿ. ಅಪ್ಪನ ಸಹಿ ಈ ವಾರವೇ ಹಾಕಿಸಿ.